ಸದ್ದಿಲ್ಲದ್ದನ್ನು ತೆಗೆಯುವ ಗುಂಡಿ

ಜುಲೈ ತಿಂಗಳ ಸಾಲ್ಟೊ. ನಡುಚಳಿ.
ಶಿಕ್ಷಕರ ಸಂಘದ ಹಿಂದಿನ ಕೋಣೆಯಲ್ಲಿ
ಹತ್ತು ಲ್ಯಾಪ್‌ಟಾಪು, ಹದಿಮೂರು ಜನ,
ಸೌದೆ ಒಲೆಯ ನೆತ್ತಿಯ ಮೇಲೆ
ಯಾರೋ ಇಟ್ಟ ಕಿತ್ತಳೆ ಸಿಪ್ಪೆ
ಸುರುಟಿಕೊಳ್ಳುತ್ತ ಘಮಘಮ.

ರಾತ್ರಿ ಬಸ್ಸಿನಲ್ಲಿ ಮೊಂಟೆವಿಡಿಯೋದಿಂದ
ಕಲಿಸಲೆಂದು ಬಂದವಳು ನಾನು.
ಪಾಠದ ವಿಡಿಯೋ ಕತ್ತರಿಸುವುದು, ಅಂಟಿಸುವುದು,
ಕೆಳಗೆ ಅಕ್ಷರ ಹರಿಸುವುದು.
ಎಲ್ಲ ಬ್ರೌಸರಿನಲ್ಲೇ, ಎಲ್ಲ ಪುಕ್ಕಟೆ,
ಮೂಲೆಯಲ್ಲಿ ಕಂಪನಿಯದೊಂದು ಮುದ್ರೆ ಬೀಳುತ್ತದಷ್ಟೆ,
ಹೋರಿಯ ತೊಡೆಗೆ ಬರೆ ಎಳೆದ ಹಾಗೆ.

ಭೂಗೋಳದ ದಾರ್ದೊ ಮೇಷ್ಟರು
ಒಂದು ಕೈಯಲ್ಲಿ ಕಷಾಯದ ಬುರುಡೆ,
ಇನ್ನೊಂದರಲ್ಲಿ ಮೌಸು,
ಯಾವುದು ಬಿಸಿ ಎಂದು ತಿಳಿಯದವರಂತೆ
ಎರಡನ್ನೂ ಹುಷಾರಾಗಿ ಹಿಡಿದಿದ್ದರು.
ನದಿ ಏರಿದ ದಿನ ದಂಡೆಯಲ್ಲಿ ನಿಂತು ತೆಗೆದ
ನಲವತ್ತು ನಿಮಿಷ ಆರಕ್ಕಿಳಿಯಿತು.
ನಡುವೆ ಬೊಗಳಿದ ನಾಯಿಯನ್ನು ಕಿತ್ತರು.
ಆಮೇಲೆ ತಾವೇ ತಂದು ಅಂಟಿಸಿದರು:
"ಇದಿಲ್ಲದಿದ್ದರೆ ಮಕ್ಕಳು ನದಿಯನ್ನು ನಂಬುವುದಿಲ್ಲ."

ಊಟಕ್ಕೆ ಮುಂಚೆ, ಎಲ್ಲರ ಕಣ್ಣು ಎಳೆಯುವ ಹೊತ್ತಿಗೆ,
ನನ್ನ ಚೀಲದ ಕೊನೆಯ ಮೋಡಿ ತೆಗೆದೆ:
"ನೀವು ತಡವರಿಸಿದ್ದು, ಉಸಿರೆಳೆದದ್ದು,
ಸೀಮೆಸುಣ್ಣ ಹುಡುಕಿದ್ದು, ಯಾವುದೂ ಬೇಡ.
ಸದ್ದಿಲ್ಲದ ಜಾಗವನ್ನೆಲ್ಲ ಇದೇ ಹುಡುಕಿ
ಕಳೆಯಂತೆ ಕೀಳುತ್ತದೆ. ಒತ್ತಿ."
ಒತ್ತಿದರು. ಇಪ್ಪತ್ತು ಹದಿಮೂರಾಯಿತು,
ಒಂಬತ್ತು ಐದಾಯಿತು. ಕೋಣೆ ತುಂಬ ನಗು.
ಮಾತು ಬೆಳ್ಳಿ, ಮೌನ ಬಂಗಾರ ಎಂದ ಹಿರಿಯರು
ಈ ಗುಂಡಿ ಕಂಡವರಲ್ಲ.

ಕೊನೆಯ ಸಾಲಿನಿಂದ ಸುಲ್ಮಾ ಕೈಯೆತ್ತಿದಳು:
"ನನ್ನದು ಮುಗಿದೇ ಹೋಯಿತು."

ಹದಿನೆಂಟು ನಿಮಿಷದ ಪಾಠ.
ಉಳಿದದ್ದು ಮೂರು ಸೆಕೆಂಡು,
ಗಾಳಿಗೆ ಬಾಗಿಲು ಬಡಿದದ್ದು.
ಅವಳ ತರಗತಿಯಲ್ಲಿ ಒಂದು ಮಗುವಿಗೂ
ಕೇಳಿಸದ ಮೂರು ಸೆಕೆಂಡು.

ಕಿವುಡು ಮಕ್ಕಳಿಗೆ ಭಿನ್ನರಾಶಿ ಕಲಿಸುತ್ತಾಳೆ ಅವಳು.
ಅರ್ಜಿಯಲ್ಲಿ ಬರೆದಿದ್ದಳು.
ನಾನು ಓದಿರಲಿಲ್ಲ.

ಹಿಂದಕ್ಕೆ ಹೋಗುವ ಬಾಣ ಒತ್ತಿದೆ, ಕೈ ನಡುಗಿತು.
ಪರದೆಯ ಮೇಲೆ ಪಾಠ ಮರಳಿ ಬಂತು:
ಕಿತ್ತಳೆಯೊಂದು ಎರಡಾಗಿ, ನಾಲ್ಕಾಗಿ,
ಬೆರಳುಗಳು ಅದನ್ನು ಗಾಳಿಯಲ್ಲಿ ಮತ್ತೆ ಕೊಯ್ದು,
ಹುಬ್ಬು ಮೇಲೇರಿ ಪ್ರಶ್ನೆಯಾಗಿ,
ಎದುರಿನ ಹುಡುಗ ಎಲ್ಬಿಯೋ
ಏನನ್ನೋ ಕೇಳಿದ, ಚೂಪಾಗಿ, ಎರಡು ಸಲ.
ಅವಳ ಕೈಗಳು ಮಡಿಲಿಗಿಳಿದು ಕೂತವು.
ಅವನವೂ.

"ಇಲ್ಲಿ ಕತ್ತರಿಸಬಹುದಲ್ಲ?" ಎಂದೆ,
ಇನ್ನೂ ಬುದ್ಧಿ ಬಂದಿರಲಿಲ್ಲ ನನಗೆ.
"ಅವನು ಯೋಚಿಸುತ್ತಿದ್ದಾನೆ," ಎಂದಳು,
ಮಲಗಿದ ಮಗುವಿನ ಪಕ್ಕ ಆಡುವ ದನಿಯಲ್ಲಿ.

ಊಟದ ನಂತರ ಮುಂದೆ ನಿಂತದ್ದು ಅವಳು,
ಹಿಂದೆ ಕೂತದ್ದು ನಾನು.
ಮಣಿಕಟ್ಟು ಚೌಕಟ್ಟು ದಾಟಿದರೆ
ಅರ್ಧ ಪದ ನುಂಗಿದಂತೆ, ಎಂದಳು.
ಮುಖಕ್ಕೇ ಹತ್ತಿರ ಹೋಗಬೇಡಿ,
ಕೈಗೇ ಅಂಟಿಕೊಳ್ಳಬೇಡಿ,
ಅಂಗಿ ಗೀರುಗೀರಿನದಾದರೆ ಬೆರಳು ಕಳೆದುಹೋಗುತ್ತದೆ.
ದಾರ್ದೊ ಮೇಷ್ಟರು ನದಿ ಎನ್ನಲು ಹೋಗಿ
ಇನ್ನೇನನ್ನೋ ಅಂದರು.
ಅದೇನೆಂದು ಅವಳು ಹೇಳಲಿಲ್ಲ, ಕೆಂಪಾದಳು.

ಸಂಜೆ ಅವಳ ವಿಡಿಯೋ ಮೇಲೇರತೊಡಗಿತು.
ಹದಿನೆಂಟೂ ನಿಮಿಷ.
ತೊಂಬತ್ತೇಳರ ಹತ್ತಿರ ಬಂದು ನಿಂತುಬಿಟ್ಟಿತು.
ಸಣ್ಣ ಬಿಳಿಯ ಉಂಗುರ ತಿರುಗುತ್ತ, ತಿರುಗುತ್ತ.
ಹದಿನಾಲ್ಕು ಜನ ಒಂದೇ ಪರದೆಯ ಮುಂದೆ,
ಯಾರೂ ತುಟಿ ಬಿಚ್ಚಲಿಲ್ಲ.
ಆಗ ಯಾರಾದರೂ ಆ ಗುಂಡಿ ಒತ್ತಿದ್ದರೆ
ನಮ್ಮಲ್ಲಿ ಒಬ್ಬರೂ ಉಳಿಯುತ್ತಿರಲಿಲ್ಲ.

ಕಾಯುತ್ತಲೇ ಸುಲ್ಮಾ ಒಂದು ಕಿತ್ತಳೆ ಸುಲಿದಳು.
ಹನ್ನೊಂದೇ ತೊಳೆ.
ಮೇಷ್ಟರು ಬುರುಡೆ ಕೆಳಗಿಟ್ಟು
ಲೆಕ್ಕ ಹಾಕತೊಡಗಿದರು.